ಎರಡನೇ ಸಲದ ಉತ್ತರ

ಧ್ವನಿ ಭಂಡಾರದ ಎರಡನೇ ಮಹಡಿಯಲ್ಲಿ, ಮೆಟ್ಟಿಲು ಹತ್ತಿ ಎಡಕ್ಕೆ ತಿರುಗಿದರೆ ಸಿಗುವ ಕೋಣೆಯಲ್ಲಿ, ಒಬ್ಬ ಹೆಂಗಸು ಇಪ್ಪತ್ತೊಂದು ವರ್ಷದಿಂದ ಹಳೇ ಟೇಪುಗಳ ಬಾಯಿ ಬಿಡಿಸುವ ಕೆಲಸ ಮಾಡುತ್ತಿದ್ದಳು. ಗೇಟಿನ ಕಾವಲುಗಾರನಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಎಲ್ಲರಿಗೂ ಅವಳು ಟೇಪಮ್ಮ. ಒಬ್ಬನಿಗೆ ಮಾತ್ರ ಅತ್ತಿಗೆ. ಆ ಒಬ್ಬ ಕೆಳಗಿನ ಮಹಡಿಯಲ್ಲಿ ಕಂಪ್ಯೂಟರುಗಳ ಕೋಣೆ ನೋಡಿಕೊಳ್ಳುತ್ತಿದ್ದ. ಅವಳ ಗಂಡನ ತಮ್ಮ.

ಗಂಡ ಹಡಗಿನಲ್ಲಿ ಅಡುಗೆಯವನು. ವರ್ಷದಲ್ಲಿ ಎಂಟು ತಿಂಗಳು ನೀರಿನ ಮೇಲಿರುವ ಮನುಷ್ಯ. ಅವಳು ಮದುವೆಯಾಗಿ ಆ ಮನೆಗೆ ಬಂದಾಗ ಮೈದುನನಿಗೆ ಒಂಬತ್ತು ವರ್ಷ. ಅಂಗಿಗೆ ಒಂದೇ ಒಂದು ಗುಂಡಿ ಇತ್ತು, ಅದೂ ಬೇರೆ ಬಣ್ಣದ್ದು. ಗುಂಡಿ ಹೊಲಿದುಕೊಟ್ಟಳು, ಮಗ್ಗಿ ಬಾಯಿಪಾಠ ಮಾಡಿಸಿದಳು, ಜ್ವರ ಬಂದಾಗ ಪಕ್ಕದಲ್ಲಿ ಕೂತಳು. ಅವನು ಓದಿ ಬುದ್ಧಿವಂತನಾದ ಮೇಲೆ ದೊಡ್ಡ ಸಾಹೇಬರ ಮುಂದೆ ನಿಂತು, "ನನ್ನ ಮೈದುನ, ಸಾರ್. ತಪ್ಪು ಮಾಡಿದರೆ ತಾನೇ ಬಂದು ಹೇಳ್ತಾನೆ, ಅಂಥ ಹುಡುಗ" ಎಂದು ಬಾಯಿ ತುಂಬ ಹೇಳಿ ಕೆಲಸ ಕೊಡಿಸಿದ್ದೂ ಅವಳೇ.

ಈ ಕಥೆ ಆ ಒಂದು ಮಾತಿನದು.

ಭಂಡಾರದಲ್ಲಿ ಏಳು ಸುರುಳಿ ಟೇಪು ಇದ್ದವು. ನಲವತ್ತು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ಕಣ್ಣು ಕಾಣದ ಒಬ್ಬ ಚಾಪೆ ಹೆಣೆಯುವ ಅಜ್ಜಿಯ ಮುಂದೆ ಮೈಕು ಇಟ್ಟು ಏಳು ದಿನ ಕೂತಿದ್ದರು. ಅಜ್ಜಿ ಚಾಪೆ ಹೆಣೆಯುತ್ತ ಒಂದೇ ಕಥೆಯನ್ನು ಏಳು ದಿನ ಹೇಳಿದ್ದಳು. ಹಿನ್ನೆಲೆಯಲ್ಲಿ ಹುಲ್ಲಿನ ಕಡ್ಡಿಗಳ ಸರಸರ ಸದ್ದು. ಕಥೆ ಒಬ್ಬ ಹೆಣ್ಣುಮಗಳದು: ದೂರದ ದಾರಿ ಹಿಡಿದವಳು, ದಾರಿಯಲ್ಲಿ ಯಾರಾದರೂ ಕಿತ್ತುಕೊಂಡಾರು ಎಂಬ ಭಯಕ್ಕೆ ತನ್ನ ದನಿಯನ್ನೇ ಊರ ಬಾವಿಯಲ್ಲಿ ಇಟ್ಟುಹೋಗುತ್ತಾಳೆ. "ನಾನು ಬಂದು ಕೇಳುವವರೆಗೂ ಯಾರಿಗೂ ಕೊಡಬೇಡ" ಎನ್ನುತ್ತಾಳೆ. ಬಾವಿ ಹೂಂ ಎನ್ನುತ್ತದೆ. ಆರು ಸುರುಳಿಯಷ್ಟು ದಾರಿ, ಕಾಡು, ಹೊಳೆ, ಕಷ್ಟ, ನಗು. ಆರನೆಯದರ ಕೊನೆಗೆ ಅವಳು ಮರಳಿ ಬಂದು ಬಾವಿಯ ಕಟ್ಟೆಯ ಮೇಲೆ ನಿಂತಿದ್ದಾಳೆ. ದನಿಯಿಲ್ಲದವಳು ದನಿಯನ್ನು ಹೇಗೆ ಕೇಳಬೇಕು? ಅಲ್ಲಿಗೆ ಆರನೇ ಸುರುಳಿ ಮುಗಿಯುತ್ತದೆ.

ಆರನ್ನೂ ಟೇಪಮ್ಮ ಕಂಪ್ಯೂಟರಿಗೆ ಇಳಿಸಿದ್ದಳು. ಏಳನೆಯದರ ಮೇಲೆ ಕೈ ಇಡಲು ಅವಳಿಗೆ ಧೈರ್ಯ ಬಂದಿರಲಿಲ್ಲ. ಟೇಪಿನ ಮೇಲಿನ ಕಂದು ಲೇಪ ಒಣಗಿದ ಸುಣ್ಣದ ಹಾಗೆ ಉದುರುತ್ತಿತ್ತು. ಒಂದು ಸಲ ಯಂತ್ರದ ಮೂಲಕ ಹಾದುಹೋದರೆ ಸರಿ, ಮತ್ತೆ ಅದರಲ್ಲಿ ಉಳಿಯುವುದು ಬರೀ ಪಟ್ಟಿ. ಒಂದೇ ಸಲ ಮಾತಾಡುವ ಟೇಪು ಅದು.

ಅದನ್ನು ಕಾಯುತ್ತಿದ್ದವಳು ಇನ್ನೊಬ್ಬಳಿದ್ದಳು. ಚಾಪೆ ಅಜ್ಜಿಯ ಮಗಳು. ಈಗ ಅವಳಿಗೂ ಅರವತ್ತರ ಮೇಲೆ. ಮೂರು ರಸ್ತೆ ಆಚೆ ಹೊಲಿಗೆ ಅಂಗಡಿ. ಹತ್ತು ವರ್ಷದವಳಿದ್ದಾಗ ದೊಡ್ಡಮ್ಮನ ಮನೆಗೆ ಕಳಿಸಿಬಿಟ್ಟಿದ್ದರಿಂದ ಅಮ್ಮನ ಕಥೆಯ ಕೊನೆ ಅವಳ ಕಿವಿಗೆ ಬಿದ್ದಿರಲಿಲ್ಲ. ಪ್ರತಿ ಗುರುವಾರ ಅಂಗಡಿ ಮುಚ್ಚಿ, ಬೆರಳಿಗೆ ಹಾಕಿದ ಲೋಹದ ಟೋಪಿಯನ್ನು ತೆಗೆಯುವುದನ್ನೂ ಮರೆತು, ಮೆಟ್ಟಿಲು ಹತ್ತಿ ಬಂದುಬಿಡುತ್ತಿದ್ದಳು.

"ಏನಮ್ಮಾ, ನಮ್ಮಮ್ಮ ಇನ್ನೂ ಬಾವಿ ಕಟ್ಟೆ ಮೇಲೇ ನಿಂತಿದ್ದಾಳಾ?"

"ನಿಂತಿದ್ದಾಳೆ, ಟೈಲರಮ್ಮ. ಇಳಿಸ್ತೀನಿ ಇರಿ."

"ಬೇಗ ಇಳಿಸಿ. ನನ್ನ ಮೊಣಕಾಲೂ ನಿಮ್ಮ ಟೇಪಿನ ಹಾಗೇ ಆಗ್ತಿದೆ. ಇನ್ನೆಷ್ಟು ಸಲ ಓಡುತ್ತೋ!"

ಮೈದುನನ ವಿದ್ಯೆಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅತ್ತಿಗೆ, ಮೈದುನ ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದರು. ಯಂತ್ರದ ಒಳಗೆ ಕೂತು ಎಲ್ಲರ ಓದು ಬರಹವನ್ನೂ ನೋಡಿಕೊಳ್ಳುವ ಯಜಮಾನನೊಬ್ಬನಿದ್ದಾನೆ, ಅವನಿಗೆ ಕರ್ನಲ್ ಎನ್ನುತ್ತಾರೆ ಎಂದು ಅವನು ಅಲ್ಲೇ ಅವಳಿಗೆ ಕಲಿಸಿದ್ದ.

"ನೀವು 'ಬರೆ' ಅಂದ್ರಿ ಅಂತಿಟ್ಕೊಳ್ಳಿ ಅತ್ತಿಗೆ. ಕರ್ನಲ್ ಅದನ್ನ ತಗೊಂಡು ತನ್ನ ನೆನಪಿನಲ್ಲಿ ಇಟ್ಕೊಂಡು 'ಆಯ್ತು' ಅನ್ನುತ್ತೆ. ಡಿಸ್ಕಿಗೆ ಬರೆಯೋದು ಆಮೇಲೆ, ತನಗೆ ಪುರುಸೊತ್ತಾದಾಗ."

"ಬರೀದೇನೇ ಆಯ್ತು ಅನ್ನುತ್ತಾ? ಥೇಟ್ ನಿಮ್ಮಣ್ಣ. 'ಹೊರಟೆ' ಅಂತ ಫೋನು ಮಾಡೋವಾಗ ಹಡಗು ಇನ್ನೂ ನಡುನೀರಲ್ಲಿರುತ್ತೆ."

ಅವನು ನಕ್ಕ. "ಎಲ್ಲರನ್ನೂ ಕಾಯಿಸಬಾರದಲ್ಲ, ಅದಕ್ಕೆ. ಖಂಡಿತ ಗೊತ್ತಾಗಬೇಕು ಅನ್ನೋರು ಎಫ್‌ಸಿಂಕ್ ಅಂತ ಕೇಳಬೇಕು. ಅಂದರೆ, 'ಡಿಸ್ಕಿನ ಮೇಲೆ ಕೂತ ಮೇಲೇ ಹೇಳು, ಅಲ್ಲಿವರೆಗೂ ನಾನು ಏಳಲ್ಲ' ಅಂತ ಬಾಗಿಲಲ್ಲಿ ಕೂತುಬಿಡೋದು."

"ಆಗ ನಿಜ ಹೇಳುತ್ತಾ?"

"ಹೇಳುತ್ತೆ. ಆದರೆ ಒಂದು ಕೊಂಕಿದೆ." ಅವನು ಕೈ ಒರೆಸಿಕೊಂಡ. "ಬರೆಯೋವಾಗ ಡಿಸ್ಕು ಕೈಕೊಡ್ತು ಅಂತಿಟ್ಕೊಳ್ಳಿ. ಆ ಕೆಟ್ಟ ಸುದ್ದೀನ ಕರ್ನಲ್ ಒಂದೇ ಸಲ ಹೇಳೋದು, ಮೊದಲು ಕೇಳಿದವರಿಗೆ. ಹೇಳಿದ ಮೇಲೆ ತನ್ನ ಹೊಣೆ ತೀರಿತು ಅಂತ ಬರೆದಾಗಿದೆ ಅನ್ನೋ ಗುರುತು ಹಾಕಿಬಿಡುತ್ತೆ. ಆಮೇಲೆ ಬಂದು ಕಡತ ತೆರೆದು ಕೇಳಿದವರಿಗೆ 'ಎಲ್ಲಾ ಸರಿ'."

"ಡಿಸ್ಕಿನಲ್ಲಿ ಇಲ್ಲದೇನೇ?"

"ಇಲ್ಲದೇನೇ. ಓದು ಅಂದರೆ ಓದೂ ಓದುತ್ತೆ, ತನ್ನ ನೆನಪಿನಿಂದ. ಕರೆಂಟು ಹೋದ ದಿನ ಬಣ್ಣ ಬಯಲು."

ಟೇಪಮ್ಮ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. "ಹಾಗಾದರೆ ಮೊದಲು ಕೇಳಿದವನು ಒಳ್ಳೆಯವನಾಗಿರಬೇಕು."

"ಅಷ್ಟೇ ಅತ್ತಿಗೆ. ಎಲ್ಲಾ ನಿಂತಿರೋದು ಅದರ ಮೇಲೇ."

ಹಾಗೆಂದವನು ಮೊದಲು ಕೇಳುವವನು ತಾನೇ ಆದ. ಒಂದು ಏರ್ಪಾಟು ಮಾಡಿದ. ಟೇಪು ಇಳಿಯುವಾಗ ಆ ಕಡತಕ್ಕೆ ಬೀಗ. ಬೀಗವೆಂದರೆ ಕಬ್ಬಿಣದ್ದಲ್ಲ, 'ಒಳಗೆ ಒಬ್ಬರಿದ್ದಾರೆ' ಎಂದು ಬಾಗಿಲಿಗೆ ತೂಗುಹಾಕಿದ ಚೀಟಿಯ ಹಾಗೆ. ಓದಿ ನಿಲ್ಲುವವರನ್ನಷ್ಟೇ ಅದು ನಿಲ್ಲಿಸುತ್ತದೆ, ನುಗ್ಗುವವರನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಟೇಪು ಇಳಿದು ಮುಗಿದ ಮೇಲೆ ಅವನ ಕಾವಲು ಪ್ರೋಗ್ರಾಮು ಬೀಗ ಹಿಡಿದು, ಮೊದಲು ತಾನು ಕೇಳಿ, ಬಂದ ಉತ್ತರವನ್ನು ತನ್ನ ದಿನಚರಿಯಲ್ಲಿ ಬರೆದು, ಬೀಗ ಬಿಡುತ್ತಿತ್ತು. ಆಮೇಲೆ ಮಹಡಿಯ ಮೇಲೆ ಟೇಪಮ್ಮ ತಾನೂ ಒಮ್ಮೆ ಕೇಳುತ್ತಿದ್ದಳು. ಪರದೆಯ ಮೇಲೆ 'ಭದ್ರ' ಎಂದು ಹಸಿರು ಅಕ್ಷರ ಬರುತ್ತಿತ್ತು. ಕೆಂಪು ಬರುವುದೇನಿದ್ದರೂ ಕೆಳಗೆ, ಅವನ ಪರದೆಗೆ. ಎರಡನೆಯವಳಾಗಿ ಕೇಳುವುದರಲ್ಲಿ ಅವಳಿಗೆ ಯಾವ ಅಂಜಿಕೆಯೂ ಇರಲಿಲ್ಲ. ಮೊದಲನೆಯವನು ಮನೆಯವನಲ್ಲವೇ!

ಏಳನೇ ಸುರುಳಿ ಇಳಿಸಿದ ದಿನಕ್ಕೆ ಎರಡು ವಾರ ಮುಂಚೆ ಅವಳು ಯಾವುದೋ ಕೆಲಸಕ್ಕೆ ಕೆಳಗೆ ಹೋಗಿದ್ದಳು. ಸಾಲಾಗಿ ನಿಂತ ಯಂತ್ರಗಳ ಗುಂಯ್‌ಗುಡುವಿಕೆಯ ನಡುವೆ ಒಂದು ಕಡೆಯಿಂದ ಟಿಕ್, ಸ್ವಲ್ಪ ತಡೆದು ಟಿಕ್ ಎಂದು ಸದ್ದು. ಇಪ್ಪತ್ತೊಂದು ವರ್ಷ ಸದ್ದಿನಲ್ಲೇ ಬಾಳಿದ ಕಿವಿ.

"ಈ ಡಿಸ್ಕಿಗೆ ಉಬ್ಬಸ ಬಂದಿದೆ ಕಣೋ. ಬದಲಾಯಿಸು."

ಮರುದಿನ ಸಾಹೇಬರ ಕೋಣೆಯಲ್ಲಿ ಎಲ್ಲರೂ ಕೂತಿದ್ದಾಗ ಅವಳು ಮತ್ತೆ ಆ ಮಾತೆತ್ತಿದಳು. ಸಾಹೇಬರು ಅವನ ಕಡೆ ನೋಡಿದರು. ಅವನು ನಗುತ್ತ, "ನಮ್ಮ ಅತ್ತಿಗೆಗೆ ಗೋಡೆ ಗಡಿಯಾರಕ್ಕೂ ನೆಗಡಿಯಾದ ಹಾಗೆ ಕೇಳಿಸುತ್ತೆ ಸಾರ್. ನಾನು ಪರೀಕ್ಷೆ ಮಾಡಿದೀನಿ, ಇನ್ನೆರಡು ವರ್ಷ ಏನೂ ಆಗಲ್ಲ. ನನ್ನ ಮಾತು" ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ತನ್ನ ಕೈಯಲ್ಲಿ ಬೆಳೆದವನು ನಾಲ್ಕು ಜನರ ಮುಂದೆ ಗಟ್ಟಿಯಾಗಿ ಮಾತಾಡುವುದನ್ನು ನೋಡಿ ಒಳಗೊಳಗೇ ಹಿಗ್ಗಿದಳು ಕೂಡ.

ಏಳನೇ ಸುರುಳಿ ಇಳಿಸಿದ್ದು ಒಂದು ಸೋಮವಾರ ಬೆಳಿಗ್ಗೆ. ಟೇಪಮ್ಮ ಕೈಕಾಲು ತೊಳೆದು ಬಂದು, ಯಂತ್ರದ ಮುಂದೆ ಕಣ್ಣು ಮುಚ್ಚಿ ನಿಂತಳು. ಅವಳ ಪ್ರಾರ್ಥನೆ ಯಾವಾಗಲೂ ಸಣ್ಣದು. 'ನಲವತ್ತು ವರ್ಷ ಕಾಪಾಡಿದೀಯ, ಇನ್ನರ್ಧ ಗಂಟೆ ಕಾಪಾಡಪ್ಪಾ.' ಸುರುಳಿ ತಿರುಗಿತು. ಕಡ್ಡಿಯ ಸರಸರ. ಅಜ್ಜಿಯ ಕೆಮ್ಮು. ಕಥೆ ಬಾವಿಯ ಕಟ್ಟೆಯಿಂದ ಹೊರಟಿತು.

ಅವಳು ಕಿವಿಗೆ ಹೆಡ್‌ಫೋನು ಹಾಕಿ ಎಲ್ಲವನ್ನೂ ಕೇಳಿದಳು. ಒಂದು ಜಾಗ ಬಿಟ್ಟು. ಕೊನೆಯ ಕಡೆ ಅಜ್ಜಿ ಹಾಡತೊಡಗಿದಳು. ನಾಲ್ಕು ಸಾಲಿನ ಹಾಡು. ಸರಿಯಾಗಿ ಆಗಲೇ ಟೇಪಿನ ಎರಡು ತುಂಡು ಜೋಡಿಸಿದ್ದ ಹಳೆಯ ಅಂಟು ಬಿಡತೊಡಗಿತು. ಟೇಪಮ್ಮ ಉಸಿರು ಬಿಗಿಹಿಡಿದು, ಉಗುರಿನ ತುದಿಯಿಂದ ಆ ಅಂಟನ್ನು ಒತ್ತಿಕೊಂಡು, ಟೇಪನ್ನು ದಾಟಿಸಿದಳು. ಮೊದಲೆರಡು ಸಾಲು ಕಿವಿಗೆ ಬಿತ್ತು. ಮುಂದಿನದು ಹೊರಗೇ ಹಾದುಹೋಯಿತು. ಅವಳ ಜೀವವೆಲ್ಲ ಬೆರಳಿನಲ್ಲಿತ್ತು. ಇಳಿಯುತ್ತಿದೆಯಲ್ಲ, ಆಮೇಲೆ ಕೇಳಿದರಾಯಿತು ಅಂದುಕೊಂಡಳು.

ಟೇಪು ಮುಗಿದಾಗ ಯಂತ್ರದ ಕೆಳಗೆ ಕಂದು ಪುಡಿಯ ಸಣ್ಣ ಗುಪ್ಪೆ. ಅವಳು ಕಾದಳು, ಎಫ್‌ಸಿಂಕ್ ಕೇಳಿದಳು. 'ಭದ್ರ' ಎಂದು ಹಸಿರು ಅಕ್ಷರ ಬಂತು. ರೂಢಿಯಂತೆ ಮೊದಲು, ನಡುವೆ, ಕೊನೆಗೆ ಒಂದೊಂದು ನಿಮಿಷ ಓದಿಸಿ ನೋಡಿದಳು. ಮೂರೂ ಕಡೆ ಅಜ್ಜಿಯ ದನಿ ಗಂಟೆಯ ಹಾಗಿತ್ತು. ಹೊಲಿಗೆ ಅಂಗಡಿಗೆ ಫೋನು ಮಾಡಿ, "ಗುರುವಾರ ಬನ್ನಿ, ಅಮ್ಮ ಇಳಿದರು" ಎಂದಳು. ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

ಮೂರು ಗಂಟೆಗೆ ಕರೆಂಟು ಹೋಯಿತು. ಇಡೀ ಬೀದಿಗೇ ಇರಲಿಲ್ಲ. ಕೆಳಗಿನ ಯಂತ್ರಗಳು ಬ್ಯಾಟರಿಯ ಮೇಲೆ ಹತ್ತು ನಿಮಿಷ ನಿಲ್ಲುತ್ತಿದ್ದವು, ಅಷ್ಟೇ. ಟೇಪಮ್ಮ ಗಾಳಿಗೆಂದು ಮೆಟ್ಟಿಲಿಳಿದು ಬಂದಳು. ಮೈದುನ ಯಂತ್ರಕೋಣೆಯ ಬಾಗಿಲಲ್ಲಿ ನಿಂತಿದ್ದ.

"ಹೋಗಲಿ ಬಿಡು. ನಮ್ಮಜ್ಜಿ ಡಿಸ್ಕಿನ ಮೇಲೆ ಚಾಪೆ ಹಾಸ್ಕೊಂಡು ಕೂತಾಯ್ತು. ಇನ್ನು ಕರೆಂಟು ಹೋದರೇನು, ಭೂಕಂಪ ಆದರೇನು!"

ಅವನು ಅವಳ ಮುಖ ನೋಡಿದ. ತುಟಿ ಒದ್ದೆ ಮಾಡಿಕೊಂಡ.

"ಅಣ್ಣ ಫೋನು ಮಾಡಿದ್ನಾ?" ಎಂದ.

"ಮಾಡಿದ್ದರು. 'ಹೊರಟೆ' ಅಂದರು."

ಇಬ್ಬರೂ ನಕ್ಕರು. ಅಣ್ಣನ ಬಗ್ಗೆ, ಮನೆಯ ಸೋರುವ ನಲ್ಲಿಯ ಬಗ್ಗೆ ಮಾತಾಡಿದರು. ಒಳಗೆ ಬ್ಯಾಟರಿ ಮೊದಲು ನಿಧಾನಕ್ಕೆ, ಆಮೇಲೆ ಅವಸರವಾಗಿ ಪೀಂ ಪೀಂ ಎಂದಿತು. ಕೊನೆಗೆ ಗುಂಯ್ ಎನ್ನುವ ಸದ್ದು ಇಳಿಯುತ್ತ ಇಳಿಯುತ್ತ ನಿಂತುಹೋಯಿತು. ಕಟ್ಟಡವೇ ಉಸಿರು ಬಿಟ್ಟ ಹಾಗೆ.

ಗುರುವಾರ ಟೈಲರಮ್ಮ ಒಗೆದ ಸೀರೆ ಉಟ್ಟು ಬಂದಳು. ಟೇಪಮ್ಮ ಅವಳನ್ನು ತನ್ನ ಕುರ್ಚಿಯಲ್ಲೇ ಕೂರಿಸಿದಳು. ಕಡ್ಡಿಯ ಸರಸರ ಕೇಳಿದೊಡನೆ ಮಗಳ ಕೈ ತಾನಾಗಿ ಮಡಿಲಿಗೆ ಬಂದು, ಬೆರಳುಗಳು ಹೆಣೆಯುವ ಹಾಗೆ ಆಡಿದವು. ಅಜ್ಜಿ ಕೆಮ್ಮಿದಳು. "ಎಲ್ಲಿದ್ದಳು ನಮ್ಮ ಮಗಳು? ಬಾವಿ ಕಟ್ಟೆ ಮೇಲೆ..." ನಾಲ್ಕು ನಿಮಿಷ ಕಥೆ ನಡೆಯಿತು. ಆಮೇಲೆ ದನಿ ನಿಂತಿತು.

ಸರಸರ ಸದ್ದೂ ಇಲ್ಲ. ಕೋಣೆಯ ಗಾಳಿಯ ಸದ್ದೂ ಇಲ್ಲ. ನಿಜವಾದ ಮೌನಕ್ಕೂ ಒಂದು ಮೈಯಿರುತ್ತದೆ. ಇದು ಮೈಯೇ ಇಲ್ಲದ್ದು. ಕಡತದ ಉದ್ದ ಸರಿಯಾಗಿತ್ತು, ಮುಳ್ಳು ಮುಂದೆ ಹೋಗುತ್ತಲೇ ಇತ್ತು. ಒಳಗೆ ಸೊನ್ನೆ, ಸೊನ್ನೆ, ಸೊನ್ನೆ. ಇಪ್ಪತ್ತಾರು ನಿಮಿಷ. ತೀರಾ ಕೊನೆಗೆ ಸದ್ದು ಮರಳಿತು. ಯಾವುದೋ ಗಂಡಸಿನ ದನಿ, "ಮುಗೀತಾ ಅಜ್ಜಿ?" ಎಂದು ಕೇಳಿತು.

"ಮುಗೀತು" ಎಂದಳು ಅಜ್ಜಿ.

ಟೈಲರಮ್ಮ ಮೆಲ್ಲಗೆ ನಕ್ಕಳು. "ನಮ್ಮಮ್ಮ ಹಾಗೇನೇ. ಹೆಣೀತಾ ಹೆಣೀತಾ ನಿದ್ದೆ ಹೋಗಿಬಿಡೋಳು. ಎದ್ದು, ಕಥೆ ಮುಗೀತು ಅಂದುಬಿಡೋಳು."

ಆ ನಗುವನ್ನು ಹಾಗೇ ಬಿಟ್ಟು ಕಳಿಸಿಬಿಡಬಹುದಿತ್ತು. ಒಂದು ಕ್ಷಣ ಟೇಪಮ್ಮನಿಗೂ ಆಸೆಯಾಯಿತು. ದೇವರ ಮುಂದೆ ಮುಚ್ಚಿಡುವುದೇಕೆ. ಆದರೆ ನಾಲಿಗೆ ಒಪ್ಪಲಿಲ್ಲ. ಅವಳು ನೆಲಕ್ಕೆ ಕೂತು, ಟೈಲರಮ್ಮನ ಮೊಣಕಾಲಿನ ಮೇಲೆ ಕೈಯಿಟ್ಟಳು.

"ನಿಮ್ಮಮ್ಮ ನಿದ್ದೆ ಮಾಡಲಿಲ್ಲ. ಪೂರ್ತಿ ಹೇಳಿದರು. ಕಳೆದದ್ದು ನಾವು."

ಟೈಲರಮ್ಮ ಬೆರಳಿನ ಲೋಹದ ಟೋಪಿಯನ್ನು ತೆಗೆದಳು, ಹಾಕಿದಳು. "ಸ್ವಲ್ಪ ನೀರು ಕೊಡಿ" ಎಂದಳು.

ಅವಳನ್ನು ಗೇಟಿನವರೆಗೂ ಬಿಟ್ಟು ಬಂದ ಟೇಪಮ್ಮ ನೇರ ಕೆಳಗಿನ ಕೋಣೆಗೆ ಹೋದಳು. ಮೈದುನ ಊಟಕ್ಕೆ ಹೋಗಿದ್ದ. ಅವನ ಪರದೆಯ ಮೇಲೆ ಕಾವಲಿನ ದಿನಚರಿ ತೆರೆದಳು; ಅದನ್ನು ಓದುವುದನ್ನೂ ಅವನೇ ಕಲಿಸಿದ್ದ. ಪ್ರತಿ ಸುರುಳಿಗೂ ನಾಲ್ಕು ಸಾಲು. ಬೀಗ ಹಿಡಿದೆ. ಕೇಳಿದೆ. ಉತ್ತರ: ಸರಿ. ಬೀಗ ಬಿಟ್ಟೆ. ಪುಟಗಟ್ಟಲೆ ಹಾಗೇ. ಸೋಮವಾರದ್ದಕ್ಕೆ ಬಂದಳು.

ಹನ್ನೊಂದು ಗಂಟೆ ನಲವತ್ತೆರಡು ನಿಮಿಷ: ಬೀಗ ಹಿಡಿದೆ. ಕೇಳಿದೆ. ಬೀಗ ಬಿಟ್ಟೆ.

ಹನ್ನೊಂದು ನಲವತ್ತೈದು: ಬೀಗ ಹಿಡಿದೆ. ಕೇಳಿದೆ. ಉತ್ತರ: ಸರಿ. ಬೀಗ ಬಿಟ್ಟೆ.

ಟೇಪನ್ನು ಯಾರಾದರೂ ಕತ್ತರಿಸಿ ಅಂಟಿಸಿದ್ದರೆ ಆ ಜಾಗ ಅವಳ ಕಿವಿಗೆ ತಪ್ಪುತ್ತಿರಲಿಲ್ಲ. ಈಗ ಕಣ್ಣಿಗೂ ತಪ್ಪಲಿಲ್ಲ. ಮೊದಲನೆಯದರಲ್ಲಿ ಮೂರೇ ಸಾಲು. ಉತ್ತರದ ಸಾಲು ಯಾರೋ ತೆಗೆದದ್ದು. ಆ ಸುಳಿವು ಇಲ್ಲದಿದ್ದರೂ ಎರಡನೇ ಸಲ ಕೇಳಿದ್ದೇ ಸಾಕಿತ್ತು: ಒಳ್ಳೆಯ ಉತ್ತರ ಸಿಕ್ಕವನು ಮೂರು ನಿಮಿಷದಲ್ಲಿ ಅದನ್ನೇ ಮತ್ತೆ ಯಾಕೆ ಕೇಳುತ್ತಾನೆ?

ಅವಳು ಅವನ ಕುರ್ಚಿಯಲ್ಲೇ ಕೂತಳು. ಅವನು ಬಾಗಿಲಿಗೆ ಬಂದವನು, ಪರದೆ ನೋಡಿ ಹೊಸ್ತಿಲಲ್ಲೇ ನಿಂತ.

"ಅತ್ತಿಗೆ..."

"ಮೊದಲನೇ ಸಲ ಏನಂತು?"

"ಎರಡನೇ ಸಲ ಸರಿ ಅಂತಲ್ಲ, ನೋಡಿ..."

"ನಾನು ಮೊದಲನೇದು ಕೇಳಿದೆ ಕಣೋ."

ಅವನು ಗೋಡೆಯ ಕಡೆ ನೋಡಿದ. "ಬರೆಯೋಕಾಗಲಿಲ್ಲ ಅಂತು."

"ಎರಡನೇದನ್ನ ನಂಬಬಾರದು ಅಂತ ನನಗೆ ಹೇಳಿಕೊಟ್ಟಿದ್ದು ಯಾರು?"

"ನಾನೇ."

"ಗೊತ್ತಿದ್ದೂ ಕೇಳಿದೆ."

"ಗೊತ್ತಿದ್ದೂ ಕೇಳಿದೆ." ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. "ಸರಿ ಅಂತ ಒಂದು ಉತ್ತರ ಬೇಕಿತ್ತು ಅತ್ತಿಗೆ, ನನಗೆ. ಬೇರೆ ಡಿಸ್ಕು ಬೇಕೂಂದ್ರೆ ಸಾಹೇಬರ ಹತ್ತಿರ ಉಗ್ರಾಣದ ಕೀಲಿ ಕೇಳಬೇಕು. ಯಾಕೆ ಅಂತಾರೆ. ಎರಡು ವಾರದ ಹಿಂದೆ ಅವರ ಮುಂದೇನೇ ನಗಾಡಿದೀನಿ. ಮಂಗಳವಾರ ಅವರು ರಜಾ, ಕೇಳದೇನೇ ಕೀಲಿ ತಗೋಬಹುದಿತ್ತು. ಒಂದು ದಿನ ತಾನೇ, ಯಾರಿಗೂ ಗೊತ್ತಾಗದ ಹಾಗೆ ಸರಿಮಾಡ್ತೀನಿ, ಅಲ್ಲಿವರೆಗೂ ಕರ್ನಲ್ ನೆನಪಲ್ಲಿ ಹೇಗೂ ಇದೆ..."

"ಇತ್ತು." ಅವಳು ನಿಧಾನಕ್ಕೆ ಹೇಳಿದಳು. "ಮೂರು ಗಂಟೆವರೆಗೂ ಇತ್ತು. ಕರೆಂಟು ಹೋದ ಮೇಲೂ ಹತ್ತು ನಿಮಿಷ ಇತ್ತು. ನನ್ನ ಲ್ಯಾಪ್‌ಟಾಪಿಗೆ ತೆಗೆಯೋಕೆ ಎಷ್ಟು ಹೊತ್ತು ಬೇಕಿತ್ತೋ?"

ಅವನು ಅಂಗಿಯ ಗುಂಡಿ ತಿರುವತೊಡಗಿದ.

"ಹೇಳು."

"ಎರಡು ನಿಮಿಷ."

"ಆ ಹತ್ತು ನಿಮಿಷ ನೀನು ನನ್ನ ಜೊತೆ ನಲ್ಲಿ ಸೋರೋ ಬಗ್ಗೆ ಮಾತಾಡ್ತಿದ್ದೆ."

ಇಬ್ಬರ ನಡುವೆ ಯಂತ್ರಗಳು ಗುಂಯ್ ಎನ್ನುತ್ತಿದ್ದವು. ಡಿಸ್ಕು ಕೆಟ್ಟಿತೆಂದು ಅವಳಿಗೆ ಸಿಟ್ಟಿರಲಿಲ್ಲ; ಕಬ್ಬಿಣಕ್ಕೂ ಆಯುಸ್ಸುಂಟು. ಕರ್ನಲಿನ ಮೇಲೂ ಇರಲಿಲ್ಲ. ಅದು ತನ್ನ ಧರ್ಮಕ್ಕೆ ಸರಿಯಾಗಿ, ಕೇಳಿದವನಿಗೆ, ಕೇಳಿದ ಕ್ಷಣಕ್ಕೆ, ಇದ್ದದ್ದನ್ನು ಇದ್ದ ಹಾಗೆ ಹೇಳಿತ್ತು. ಯಂತ್ರದಿಂದ ಮನುಷ್ಯನ ಕಿವಿಯವರೆಗೂ ನಿಜ ಬಂದು ತಲುಪಿತ್ತು. ನಿಂತದ್ದು ಅಲ್ಲಿಂದ ಈಚೆಗೆ.

ಸ್ವಲ್ಪ ಹೊತ್ತಾದ ಮೇಲೆ ಅವನು ಒಂದು ಹೆಜ್ಜೆ ಒಳಗೆ ಬಂದ. "ಅತ್ತಿಗೆ, ಒಂದು ಮಾತು. ನೀವು ಪೂರ್ತಿ ಕೇಳಿದೀರಲ್ಲ. ಅಜ್ಜಿ ದನಿ ನಿಮಗೆ ಚೆನ್ನಾಗಿ ಬರುತ್ತೆ, ಮನೇಲಿ ಎಷ್ಟು ಸಲ ಹಾಗೇ ಮಾತಾಡಿ ನಗಿಸಿದೀರ. ನೀವು ಹೇಳಿಬಿಡಿ. ಹಿಂದೆ ಕಡ್ಡಿ ಸದ್ದು ನಾನು ಹಾಕ್ತೀನಿ. ಆ ಟೈಲರಮ್ಮನಿಗೂ ಸಮಾಧಾನ. ಯಾರಿಗೂ..."

"ಯಾರಿಗೂ ಗೊತ್ತಾಗಲ್ಲ."

"ಹೂಂ."

ಅವಳು ಎದ್ದಳು. ಅವನ ಅಂಗಿಯ ಮೇಲಿನ ಗುಂಡಿ ಸಡಿಲವಾಗಿ ದಾರದಲ್ಲಿ ನೇತಾಡುತ್ತಿದ್ದುದು ಕಣ್ಣಿಗೆ ಬಿತ್ತು. ಕೈ ಅಭ್ಯಾಸದಿಂದ ಮೇಲೆ ಬಂದಿತು; ಅರ್ಧ ದಾರಿಯಲ್ಲಿ ಇಳಿಯಿತು.

"ಸೋಮವಾರ ನೀನು ನನ್ನ ಕಣ್ಣಿಗೆ ಮಣ್ಣೆರಚಿದೆ. ಈಗ ಆ ಹೆಂಗಸಿಗೆ ಎರಚೋಕೆ ನನ್ನ ಕೈಯನ್ನೇ ಕೇಳ್ತಿದೀಯ" ಎಂದು ಅವನ ಪಕ್ಕದಿಂದಲೇ ಹೊರಗೆ ನಡೆದಳು.

ಆ ವಾರ ಮನೆಯಲ್ಲಿ ಮಾತಿರಲಿಲ್ಲ. ಅವನ ತಟ್ಟೆಗೆ ಬಡಿಸುತ್ತಿದ್ದಳು, ಅವನು ಉಣ್ಣುತ್ತಿದ್ದ, ನಲ್ಲಿ ಸೋರುತ್ತಿತ್ತು. ಅವಳು ದೇವರ ಮುಂದೆ ಕೂತರೂ ಪ್ರಾರ್ಥನೆ ಬರುತ್ತಿರಲಿಲ್ಲ. ಏನನ್ನು ಕೇಳಬೇಕು? ಕೇಳದೆಯೇ ಎಲ್ಲ ಬಲ್ಲವನು ಅವನು. ಆದರೂ ನಾವು ಬಾಯಿಬಿಟ್ಟು ಹೇಳಲಿ ಎಂದು ಕಾಯುತ್ತಾನೆ. ಅದೇಕೆ ಎಂದು ಅವಳಿಗೆ ಆ ವಾರ ಮೊದಲ ಸಲ ಸ್ವಲ್ಪ ತಿಳಿದ ಹಾಗಾಯಿತು.

ಸಾಹೇಬರಿಗೆ ಅವಳು ಅವನ ಹೆಸರೆತ್ತದೆ, ಡಿಸ್ಕು ಕೆಟ್ಟಿದೆ, ಏಳನೇ ಸುರುಳಿ ಹೋಗಿದೆ ಎಂದಷ್ಟೇ ತಿಳಿಸಿದಳು. ಉಗ್ರಾಣದಿಂದ ಹೊಸ ಡಿಸ್ಕು ಬಂತು. ಬುಧವಾರ ಬೆಳಿಗ್ಗೆ ಮೈಕಿನ ಮುಂದೆ ತಾನೇ ಕೂತಳು. ಅಜ್ಜಿಯ ದನಿ ಅನುಕರಿಸಲಿಲ್ಲ. ತನ್ನ ಬೋಳು ದನಿಯಲ್ಲೇ, ನೆನಪಿದ್ದಷ್ಟನ್ನು ನೆನಪಿದೆ ಎಂದೂ, ಇಲ್ಲದ್ದನ್ನು ಇಲ್ಲವೆಂದೂ ಹೇಳಿದಳು. ಕಡತದ ಮೊದಲಿಗೆ ಮೂರು ನಿಮಿಷದಷ್ಟು ಜಾಗವನ್ನು ಏನೂ ಬರೆಯದೆ ಹಾಗೇ ಬಿಟ್ಟಳು. ಮುಗಿದ ಮೇಲೆ ಎಫ್‌ಸಿಂಕ್ ಕೇಳಿದಳು. 'ಭದ್ರ' ಎಂದು ಹಸಿರು ಬಂತು. ಅವಳು ಅದನ್ನು ನೋಡಿ, ಕೆಳಗಿಳಿದು ಹೋಗಿ, ಯಾರ ಮುಖವನ್ನೂ ನೋಡದೆ, ಯಂತ್ರವನ್ನು ಪೂರ್ತಿ ಆರಿಸಿ, ಐದು ನಿಮಿಷ ಅದರ ಮುಂದೆ ನಿಂತು, ಮತ್ತೆ ಹೊತ್ತಿಸಿ, ಮೇಲೆ ಬಂದು ಮೊದಲಿನಿಂದ ಕೊನೆಯವರೆಗೂ ಕೇಳಿದಳು. ಅಂದಿನಿಂದ ಇದೇ ಅವಳ ಕ್ರಮವಾಯಿತು. ಪ್ರತಿ ಸುರುಳಿಗೂ.

ಗುರುವಾರ ಟೈಲರಮ್ಮ ಬಂದಳು. ಬರುತ್ತಾಳೋ ಇಲ್ಲವೋ ಅಂದುಕೊಂಡಿದ್ದಳು ಟೇಪಮ್ಮ. ಕೋಣೆಯ ಬಾಗಿಲು ತೆರೆದೇ ಇಟ್ಟಳು. ಹೊರಗೆ ಮೆಟ್ಟಿಲ ಮೇಲೆ ಯಾರೋ ಬಂದು ನಿಂತ ಸದ್ದು ಅವಳ ಕಿವಿಗೆ ಬಿತ್ತು. ಯಾರ ಹೆಜ್ಜೆ ಎಂದು ಆ ಕಿವಿಗೆ ಹೇಳಬೇಕಾಗಿರಲಿಲ್ಲ.

ಕಡತ ಓಡಿತು. ಮೌನ.

"ಮತ್ತೆ ಹೋಯ್ತಾ?" ಟೈಲರಮ್ಮ ಗಾಬರಿಯಾದಳು.

"ಇಲ್ಲ. ಇದು ಬಿಟ್ಟಿರೋ ಜಾಗ. ಇಲ್ಲಿ ಒಬ್ಬರು ಒಂದು ವಿಷಯ ಹೇಳಬೇಕಿದೆ. ಇನ್ನೂ ಹೇಳಿಲ್ಲ."

ಮೂರು ನಿಮಿಷ ಬಹಳ ಉದ್ದ. ಟೈಲರಮ್ಮ ಬಾಗಿಲ ಕಡೆಗೊಮ್ಮೆ ನೋಡಿ, ಏನೋ ಅರ್ಥವಾದವಳ ಹಾಗೆ ಕಣ್ಣು ತಗ್ಗಿಸಿದಳು. ಆಮೇಲೆ ಕಥೆ ಬಂತು, ಟೇಪಮ್ಮನ ದನಿಯಲ್ಲಿ. ದನಿಯಿಲ್ಲದವಳು ಕಟ್ಟೆಯ ಮೇಲೆ ನಿಂತು ನಿಂತು, ಕೊನೆಗೆ ಏನೂ ತೋಚದೆ, ಹಿಂದೆ ದಿನಾ ಮಾಡುತ್ತಿದ್ದ ಹಾಗೆ ಕೊಡ ಇಳಿಬಿಟ್ಟು ಹಗ್ಗ ಜಗ್ಗುತ್ತಾಳೆ. ಆ ಜಗ್ಗಿನಲ್ಲೇ ಬಾವಿಗೆ ಅವಳ ಕೈಯ ಗುರುತು ಸಿಗುತ್ತದೆ. ಕೊಡ ಮೇಲೆ ಬರುತ್ತದೆ, ನೀರಿನ ಜೊತೆ ಅವಳ ದನಿಯೂ. ಇನ್ನೇನು ಕುಡಿಯಬೇಕು, ಆಗ ಬಾವಿ ತಾನಾಗಿಯೇ ಮಾತಾಡುತ್ತದೆ. ಯಾರೂ ಕೇಳಿರಲಿಲ್ಲ. "ತಾಯಿ, ಕುಡಿಯುವ ಮುಂಚೆ ಕೇಳು. ನೀನು ಹೋದ ಮೇಲೆ ಒಬ್ಬರು ಬಂದು ನಿನ್ನ ಹೆಸರು ಹೇಳಿದರು. ನಾನು ನಂಬಿ ಒಂದು ಬೊಗಸೆ ಕೊಟ್ಟುಬಿಟ್ಟೆ. ಇದರಲ್ಲಿ ಒಂದು ಬೊಗಸೆ ಕಡಿಮೆಯಿದೆ." ಅದನ್ನು ಕೇಳಿಯೂ ಅವಳು ಕುಡಿದಳು, ದನಿ ಬಂತು, ಬಂದ ದನಿಯಲ್ಲಿ ಮೊದಲು ಬಾವಿಗೆ ಉತ್ತರ ಕೊಟ್ಟಳು, ಹಾಡಿನಲ್ಲಿ. ಹಾಡಿನ ಮೊದಲೆರಡು ಸಾಲು ಹೀಗಿದ್ದವು ಎಂದು ಸ್ಪೀಕರಿನಿಂದ ಟೇಪಮ್ಮನ ದನಿ ಹಾಡಿತು:

"ಆಳದ ಬಾವೀ, ತಣ್ಣನೆ ಬಾವೀ,
ಕೇಳುವ ಮುನ್ನವೆ ಹೇಳಿದೆಯಲ್ಲ..."

ಅಲ್ಲಿಗೆ ನಿಂತಿತು.

ಟೈಲರಮ್ಮನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ. ಬಾಗಿಲ ಆಚೆಯಿಂದ ಒಂದು ದನಿ ಬಂತು. ವಾರದಲ್ಲಿ ಅದು ಆಡಿದ ಮೊದಲ ಮಾತು.

"ಆಮೇಲೆ ಏನಂದಳು ಅತ್ತಿಗೆ? ಬಾವಿಗೆ?"

ಟೇಪಮ್ಮ ತಿರುಗಿ ನೋಡಲಿಲ್ಲ. ಮೇಜಿನ ಮೇಲಿದ್ದ ಏಳನೇ ಸುರುಳಿಯನ್ನು, ಅದರ ಬೋಳು ಪಟ್ಟಿಯನ್ನು, ಡಬ್ಬಿಯೊಳಗಿಟ್ಟು ಮುಚ್ಚಿದಳು.

"ಅದು ಹಾಡಿನಲ್ಲಿತ್ತು ಕಣೋ" ಎಂದಳು. "ಕ್ಷಮಿಸಿದೆ ಅಂದಳೋ, ಇಲ್ಲ ಅಂದಳೋ, ನನಗೆ ಗೊತ್ತಿಲ್ಲ. ಅದಿದ್ದದ್ದು ನಾನು ಕೇಳದೇ ಹೋದ ಕೊನೆಯ ಎರಡು ಸಾಲಿನಲ್ಲಿ."

ಆಮೇಲೆ ಕಡತವನ್ನು ಮತ್ತೆ ಮೊದಲಿಗೆ ತಂದು, ಆ ಮೂರು ಖಾಲಿ ನಿಮಿಷದ ಬಾಯಲ್ಲಿ ನಿಲ್ಲಿಸಿ, ಮೈಕನ್ನು ಬಾಗಿಲ ಕಡೆಗೆ ತಿರುಗಿಸಿಟ್ಟಳು.